ಮುಚ್ಚಬಾರದ ಆ್ಯಪ್

೧೪ ಜೂನ್ ೨೦೧೮, ಗುರುವಾರ. ಬೆಳಿಗ್ಗೆ

ಮತ್ತೆ ಮುಚ್ಚಿಕೊಂಡಿದೆ.

ಹಾಲು ಒಲೆಯ ಮೇಲಿಟ್ಟು ಮಗಳು ಪ್ರಸನ್ನಳ ಫೋನ್ ನೋಡಿದೆ. ಆ್ಯಪ್ ಇಲ್ಲ. ಅದರ ಜಾಗದಲ್ಲಿ ಒಂದು ಸಂದೇಶ, ಪಕ್ಕದಲ್ಲಿ ಪೊರಕೆಯ ಚಿತ್ರ ಬೇರೆ — "ನಿಮಗಾಗಿ ಹದಿನಾಲ್ಕು ಆ್ಯಪ್ ಮುಚ್ಚಿ ಬ್ಯಾಟರಿ ಉಳಿಸಿದ್ದೇವೆ." ನಿಮಗಾಗಿ ಅಂತೆ! ಯಾರಪ್ಪ ಕೇಳಿದ್ದು ನಿನ್ನನ್ನು? ಬ್ಯಾಟರಿಗಿಷ್ಟು ಬೆಂಕಿ ಬೀಳಲಿ.

ಈ ಫೋನ್ ಮಾಡಿದವನು ಎದುರಿಗೆ ಸಿಕ್ಕರೆ ಕೂರಿಸಿಕೊಂಡು ಹೇಳಬೇಕು. ನೋಡಪ್ಪಾ, ನನ್ನ ಮಗಳಿಗೆ ಹನ್ನೆರಡು ವರ್ಷ. ಹತ್ತು ವರ್ಷಕ್ಕೇ ಸಕ್ಕರೆ ಕಾಯಿಲೆ ಬಂತು, ಮಕ್ಕಳಿಗೆ ಬರುವ ಜಾತಿಯದು, ಇಂಜೆಕ್ಷನ್ ಬಿಟ್ಟರೆ ಗತಿಯಿಲ್ಲ. ಅವಳ ತೋಳಿಗೆ ಒಂದು ಸೆನ್ಸರ್ ಅಂಟಿಸಿದೆ. ಅದು ಐದೈದು ನಿಮಿಷಕ್ಕೆ ಅವಳ ಫೋನಿಗೆ ಸಕ್ಕರೆಯ ನಂಬರ್ ಕಳಿಸುತ್ತದೆ. ಅವಳ ಫೋನಿನಿಂದ ನನ್ನ ಫೋನಿಗೆ ಬರುತ್ತದೆ. ಎಪ್ಪತ್ತರ ಕೆಳಗೆ ಇಳಿದರೆ ಎರಡೂ ಫೋನ್ ಕೂಗಬೇಕು. ಕೂಗಬೇಕಾದರೆ ಆ್ಯಪ್ ಹಿಂದೆ ಓಡುತ್ತಲೇ ಇರಬೇಕು. ನೀನು ಅದನ್ನು ಗುಡಿಸಿ ಬಿಸಾಕಿದರೆ ಆ ಹುಡುಗಿ ಎಲ್ಲೋ ಬಿದ್ದಿದ್ದರೂ ನನಗೆ ಗೊತ್ತಾಗುವುದಿಲ್ಲ. ತಿಳೀತಾ?

ಹಾಲು ಉಕ್ಕಿತು. ಅದೂ ಇವನ ಲೆಕ್ಕಕ್ಕೇ.

೧೬ ಜೂನ್

ಸೆಟ್ಟಿಂಗ್ಸ್ ಎಲ್ಲ ಮತ್ತೆ ಮಾಡಿದೆ. ಇಂಥ ಮಕ್ಕಳ ತಾಯಂದಿರದು ಒಂದು ವಾಟ್ಸಾಪ್ ಗ್ರೂಪ್ ಇದೆ, ಅಲ್ಲಿ ಹೇಳಿಕೊಟ್ಟ ಹಾಗೆ. ಬ್ಯಾಟರಿ ಉಳಿತಾಯ ಬೇಡ. ಆಟೋ ಸ್ಟಾರ್ಟ್ ಬೇಕು. ಆಮೇಲೆ ಕೆಳಗಿನ ಚೌಕದ ಗುಂಡಿ ಒತ್ತಿದರೆ ತೆರೆದಿರುವ ಆ್ಯಪ್‌ಗಳೆಲ್ಲ ಸಾಲಾಗಿ ಬರುತ್ತವಲ್ಲ — ಅಲ್ಲಿ ನಮ್ಮದನ್ನು ಕೆಳಕ್ಕೆಳೆದರೆ ಒಂದು ಬೀಗದ ಗುರುತು ಬೀಳುತ್ತದೆ. ಬೀಗ ಬಿದ್ದರೆ ಫೋನ್ ತಾನಾಗಿ ಅದನ್ನು ಮುಚ್ಚುವುದಿಲ್ಲ. ಅಪ್‌ಡೇಟ್ ಬಂದಾಗಲೆಲ್ಲ ಇದೆಲ್ಲ ಅಳಿಸಿಹೋಗುತ್ತದೆ. ಮತ್ತೆ ಮೊದಲಿಂದ. ಕರ್ಮ.

ಸ್ಕೂಲಿಗೂ ಹೋಗಿದ್ದೆ. ಕ್ಲಾಸ್ ಟೀಚರ್ ಕನಕದುರ್ಗ. ಒಳ್ಳೆ ಹೆಂಗಸು, ಆದರೆ ತಾವು ಆಡಿದ್ದನ್ನು ತಾವೇ ಕೇಳಿಸಿಕೊಳ್ಳುವವರು. "ಫೋನ್ ಅಲೋ ಇಲ್ಲ ಮೇಡಂ. ಒಬ್ಬರಿಗೆ ಕೊಟ್ರೆ ಎಲ್ಲರೂ ತರ್ತಾರೆ."

"ಎಲ್ಲರಿಗೂ ಸಕ್ಕರೆ ಕಾಯಿಲೆ ಇದೆಯಾ ಹಾಗಾದ್ರೆ?" ಅಂದೆ.

ಮುಖ ಸಣ್ಣಗಾಯಿತು. ಕೊನೆಗೆ ಡಾಕ್ಟರ್ ಕಾಗದ ತೋರಿಸಿದ ಮೇಲೆ ಒಪ್ಪಿದರು. ಫೋನ್ ಬ್ಯಾಗಿನಲ್ಲೇ ಇರಬೇಕು, ಕೂಗಿದರೆ ಮಾತ್ರ ತೆಗೆಯಬಹುದು. ಮಗುವಿನ ಉಸಿರಿಗೂ ಪರ್ಮಿಷನ್ ಕೇಳುವ ಕಾಲ.

೨೩ ಜೂನ್, ಶನಿವಾರ

ಸಂಜೆಯ ರತ್ನಾಚಲ್ ರೈಲಿಗೆ ಇವರು ಬಂದರು. ವಿಶಾಖಪಟ್ಟಣ ಬಂದರಿನಲ್ಲಿ ಟ್ರಾಫಿಕ್ ವಿಭಾಗ. ಯಾವ ಹಡಗು ಯಾವ ಬರ್ತಿಗೆ, ಯಾವಾಗ ಒಳಗೆ, ಯಾವಾಗ ಹೊರಗೆ, ಅದೇ ಕೆಲಸ. ಹದಿನೈದು ದಿನಕ್ಕೊಮ್ಮೆ ಕೃಷ್ಣೆಯ ದಡದ ಈ ಊರಿಗೆ, ಭವಾನಿಪುರಂ ಮನೆಗೆ ಬರುತ್ತಾರೆ. ಬಂದವರು ಕಾಲು ತೊಳೆದು, ಕಾಫಿ ಕುಡಿದು, ಮಾಡಿದ ಮೊದಲ ಕೆಲಸ — ನನ್ನ ಫೋನ್ ಕ್ಲೀನ್ ಮಾಡಿದ್ದು!

ಅಡುಗೆಮನೆಯಿಂದ ಬಂದು ನೋಡುತ್ತೇನೆ, ಎಲ್ಲ ಖಾಲಿ. ಮಗಳ ನಂಬರ್ ತೋರಿಸುವ ನನ್ನ ಆ್ಯಪ್ ಸಮೇತ.

"ರೀ! ಏನ್ರೀ ಮಾಡಿದ್ದು?"

"ಇಪ್ಪತ್ತೆರಡು ಓಪನ್ ಇಟ್ಟಿದೀಯ ವೇದಾ. ಫೋನ್ ಹೇಗೆ ನಡೀಬೇಕು? ನೋಡು, ಬರ್ತ್ ಇರೋದು ಇಷ್ಟೇ. ಕೆಲಸ ಮುಗಿದ ಹಡಗು ಹೊರಗೆ ಹೋಗ್ಬೇಕು, ಆಗ ಇನ್ನೊಂದಕ್ಕೆ ಜಾಗ. ಸಿಂಪಲ್ ಕದಾ?"

ಸಿಂಪಲ್ ಅಲ್ವಾ ಅಂತೆ. ಗ್ರೂಪಿನಲ್ಲಿ ಒಬ್ಬರ ಗಂಡ ಇದೇ ಫೋನಿನ ಸಾಫ್ಟ್‌ವೇರ್ ಬರೆಯುವವರು, ಅವರೇ ಹೇಳಿದ್ದು: ಹಿಂದೆ ಸುಮ್ಮನೆ ನಿಂತ ಆ್ಯಪ್ ಏನೂ ತಿನ್ನುವುದಿಲ್ಲ, ಮುಚ್ಚಿ ಮುಚ್ಚಿ ತೆರೆದರೇ ಜಾಸ್ತಿ ಬ್ಯಾಟರಿ ತಿನ್ನುವುದು ಅಂತ. ಹೇಳಿದೆ. ಕೇಳುವವರು ಯಾರು? ಇಪ್ಪತ್ತು ವರ್ಷ ಹಡಗು ಹೊರಗೆ ಕಳಿಸಿ ಕಳಿಸಿ ಕೈಗೆ ಅದೇ ಚಟ. ಊಟಕ್ಕೆ ಕೂತಾಗ ಪ್ರಸನ್ನಳ ಫೋನೂ ಹಿಡಿದಿದ್ದರು, ಕಿತ್ತುಕೊಂಡೆ. ಆಮೇಲೆ ಅವರಮ್ಮನ ಪಕ್ಕ ಕೂತು ಏನೇನೋ ತೋರಿಸುತ್ತಿದ್ದರು. ಸದ್ಯ, ಅತ್ತೆಯದು ಗುಂಡಿ ಒತ್ತುವ ಹಳೇ ಫೋನು. ಅದರಲ್ಲಿ ಮುಚ್ಚುವುದಕ್ಕೆ ಏನೂ ಇಲ್ಲ.

೨೪ ಜೂನ್

ಹೋದರು. ಹೋಗುವಾಗ, "ಕೋಪ ಬೇಡ, ನಿನ್ನ ಒಳ್ಳೇದಕ್ಕೇ ಮಾಡಿದ್ದು" ಅಂದರು. ಫೋನಿನವನು ಹೇಳಿದ್ದೂ ಅದನ್ನೇ.

೫ ಜುಲೈ

ಇವತ್ತು ಆ್ಯಪ್ ಸರಿಯಾಗಿ ಓಡಿತು. ಓಡಿದರೆ ಎಷ್ಟು ಚೆನ್ನ!

ಪ್ರಸನ್ನ ಸಂಜೆ ಗೆಳತಿ ಪ್ರತ್ಯೂಷಾ ಮನೆಗೆ ಹೋಗಿದ್ದಳು, ಹುಟ್ಟುಹಬ್ಬ. ನಾನು ಒನ್ ಟೌನ್ ಪೇಟೆಯ ಅಂಗಡಿಯಲ್ಲಿ ಮಂಗಳಗಿರಿ ಸೀರೆಗಳಿಗೆ ಚೀಟಿ ಅಂಟಿಸುತ್ತಾ ಕೂತಿದ್ದೆ. ಸೀರೆ ಹೋಲ್‌ಸೇಲ್ ಅಂಗಡಿ, ಆನ್‌ಲೈನ್ ಆರ್ಡರ್ ನಂದೇ ಜವಾಬ್ದಾರಿ. ಫೋನ್ ನೋಡುತ್ತೇನೆ — ನಂಬರ್ ಏರುತ್ತಿದೆ, ಬಾಣ ನೆಟ್ಟಗೆ ಮೇಲಕ್ಕೆ. ತಕ್ಷಣ ಫೋನ್ ಮಾಡಿದೆ.

"ಏನೇ ತಿಂದೆ?"

"...ಒಂದೇ ಜಾಮೂನು."

"ಇಂಜೆಕ್ಷನ್ ತಗೊಂಡ್ಯಾ ಅದಕ್ಕೆ?"

"ತಗೋತೀನಿ ಅಮ್ಮಾ. ಇಡು."

ನೋಡಿದಿರಾ? ಮಗಳು ಭವಾನಿಪುರಂನಲ್ಲಿ ಜಾಮೂನು ನುಂಗಿದರೆ ತಾಯಿಗೆ ಒನ್ ಟೌನ್‌ನಲ್ಲಿ ಗೊತ್ತಾಗುತ್ತದೆ. ಯಾವ ಕಾಲದ ತಾಯಿಗಿತ್ತು ಈ ಭಾಗ್ಯ? ದಾವಣಗೆರೆಯಲ್ಲಿ ನಮ್ಮಮ್ಮನಿಗೆ ನಾವು ಮನೆಯಲ್ಲಿದ್ದೇವೋ ಇಲ್ಲವೋ ಅಂತಲೇ ಗೊತ್ತಿರುತ್ತಿರಲಿಲ್ಲ.

೧೯ ಜುಲೈ

ನಿನ್ನೆ ಸಂಜೆ ಮತ್ತೆ, ಈ ವಾರದಲ್ಲಿ ಮೂರನೇ ಸಲ. ಬೀಗ ಹಾಕಿದ್ದೆ, ನನ್ನ ಕೈಯಾರೆ. ಬೀಗ ಇಲ್ಲ. ಆ್ಯಪೂ ಇಲ್ಲ. ಯಾವಾಗಲೂ ಸಂಜೆ ಹೊತ್ತು, ನಾನು ಅಂಗಡಿಯಲ್ಲಿರುವಾಗಲೇ.

ಮಧ್ಯಾಹ್ನ ರಜೆ ಹಾಕಿ, ಪ್ರಸನ್ನ ಸ್ಕೂಲಿಂದ ಬಂದ ಮೇಲೆ ಅವಳ ಫೋನ್ ತೆಗೆದುಕೊಂಡು ರಿಪೇರಿ ಅಂಗಡಿಗೆ ಹೋದೆ. ಕೌಂಟರಿನವನು ಆಕಳಿಸುತ್ತಲೇ ನೋಡಿದ. ತೆಲುಗಿನಲ್ಲಿ ಅಂದ, "ಫೋನ್ ತಪ್ಪಲ್ಲ ಮೇಡಂ. ಬೀಗ ತಾನಾಗಿ ಬಿಡಲ್ಲ. ಯಾರೋ ಕೈಯಿಂದ ತೆಗೀತಿದಾರೆ. ಮನೇಲಿ ಮಕ್ಕಳಿದಾರಾ?"

ಮೈ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತನ್ನ ಮಾಲು ಸರಿಯಿಲ್ಲ, ನನ್ನ ಮಗುವಿನ ಮೇಲೆ ಹಾಕುತ್ತಾನೆ. ಬಾಯಿಗೆ ಬಂದದ್ದು ಅಂದು ಬಂದೆ.

ಆದರೆ ಬಸ್ಸಿನಲ್ಲಿ ಕೂತ ಮೇಲೆ... ಸಂಜೆ ಅವಳು ಮನೆಯಲ್ಲೇ ಇರುತ್ತಾಳೆ. ಫೋನ್ ಅವಳ ಹತ್ತಿರವೇ. ಮೊನ್ನೆ ಗಣಿತ ಟೆಸ್ಟಿನಲ್ಲಿ ಅದು ಕೂಗಿ ಇಡೀ ಕ್ಲಾಸು ತಿರುಗಿ ನೋಡಿತಂತೆ, ಅತ್ತುಕೊಂಡು ಬಂದಿದ್ದಳು.

೨೦ ಜುಲೈ

ಕೇಳಿದೆ. ಸ್ಕೂಲಿಂದ ಬಂದು ಬ್ಯಾಗ್ ಇಳಿಸುವ ಮೊದಲೇ.

"ಆ್ಯಪ್ ನೀನೇ ತೆಗೀತಿದೀಯಾ?"

"ಇಲ್ಲಮ್ಮಾ."

"ಸುಳ್ಳು ಹೇಳ್ಬೇಡ ಪ್ರಸನ್ನ. ಬೀಗ ತಾನಾಗಿ ಬಿಡಲ್ಲ. ಮೊನ್ನೆ ಯಾರು ತೆಗೆದಿದ್ದು?"

"ನೇನು ಕಾದಮ್ಮಾ! ನೇನು ಕಾದು!" ನಾನಲ್ಲ ಅಂತ. ಅಳು ಬಂದರೆ ಅವಳ ಬಾಯಲ್ಲಿ ತೆಲುಗೇ ಬರುವುದು.

"ಮತ್ತೆ ದೆವ್ವ ಬಂದು ತೆಗೀತಾ?"

ಹೊಡೆದೆ. ಕೆನ್ನೆಗೆ. ಅತ್ತೆ ಓಡಿ ಬಂದು ಅವಳನ್ನು ತಬ್ಬಿಕೊಂಡು ನನ್ನನ್ನು ನೋಡಿದ ನೋಟ! ನೋಡಲಿ. ಸಕ್ಕರೆ ಇಳಿದು ಬಿದ್ದರೆ ಆಸ್ಪತ್ರೆಗೆ ಹೊತ್ತುಕೊಂಡು ಓಡುವವಳು ನಾನು. ಈ ಕಾಯಿಲೆಯಲ್ಲಿ ಮುಚ್ಚುಮರೆ ಅಂದರೆ ಸಾವು. ಅದು ಅವಳಿಗೆ ಗೊತ್ತಾಗಲೇಬೇಕು.

ರಾತ್ರಿ ಊಟ ಮಾಡಿ ಅತ್ತೆಯ ಪಕ್ಕ ಹೋಗಿ ಮಲಗಿದಳು.

೧೧ ಆಗಸ್ಟ್, ಶನಿವಾರ. ರಾತ್ರಿ

ಇವತ್ತು ಆದದ್ದನ್ನು ಬರೆದಿಡಬೇಕು.

ಶ್ರಾವಣ ಶುರು ಅಂತ ಅಂಗಡಿಯಲ್ಲಿ ಉಸಿರಾಡಲು ಬಿಡುವಿಲ್ಲ. ಐದು ಗಂಟೆ ಸುಮಾರಿಗೆ ಫೋನ್ ನೋಡಿದರೆ "ಕೊನೆಯ ನಂಬರ್ ಬಂದು ನಲವತ್ತು ನಿಮಿಷ ಆಯಿತು" ಅಂತಿತ್ತು. ನೆಟ್‌ವರ್ಕ್ ತೊಂದರೆ ಇರಬೇಕು ಅಂದುಕೊಂಡೆ. ಮನೆಗೆ ಫೋನ್ ಮಾಡಿದೆ, ಅತ್ತೆ ಎತ್ತಲಿಲ್ಲ. ಇನ್ನೊಂದು ಪಾರ್ಸೆಲ್ ಕಟ್ಟಿ ಮಾಡೋಣ ಅಂತ ಟೇಪು ಹರಿಯುತ್ತಿದ್ದೆ. ಆಗ ಬಂತು ರಾಮಮೋಹನ್ ಅವರ ಫೋನು — ನಮ್ಮ ಬೀದಿ ಕೊನೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು.

"ಅಮ್ಮಾ, ಪಾಪ ಇಲ್ಲಿ ಕರಕಟ್ಟ ಹತ್ರ ಸೈಕಲ್ಲಿಂದ ಬಿದ್ದಿದಾಳೆ. ಬೇಗ ಬನ್ನಿ."

ನದಿಯ ಏರಿಯ ಮೇಲಿನ ರಸ್ತೆ. ಒಂದು ಪಕ್ಕ ಲಾರಿಗಳು, ಇನ್ನೊಂದು ಪಕ್ಕ ಕೃಷ್ಣೆ. ಆಟೋದಲ್ಲಿ ಬರುವಾಗ ಯಾವ ದೇವರನ್ನು ಬೈದೆ, ಯಾವ ದೇವರಿಗೆ ಹರಕೆ ಹೊತ್ತೆ, ಒಂದೂ ನೆನಪಿಲ್ಲ.

ಹೋಗುವಷ್ಟರಲ್ಲಿ ಅಂಗಡಿ ಬೆಂಚಿನ ಮೇಲೆ ಕೂತಿದ್ದಳು. ಬೆವರಿ ಒದ್ದೆ ಮುದ್ದೆ. ಮೊಣಕಾಲು ಕಿತ್ತಿದೆ. ಬಿದ್ದವಳಿಗೆ ತನ್ನ ಹೆಸರು ಹೇಳುವುದಕ್ಕೂ ಬಾಯಿ ಬರಲಿಲ್ಲವಂತೆ, ಆದರೆ "ಪಂಚದಾರ, ಪಂಚದಾರ" ಅಂತ ಸಕ್ಕರೆ ಕೇಳಿದಳಂತೆ. ಅವರು ಡಬ್ಬದಿಂದ ಹಿಡಿ ಹಿಡಿ ಕೊಟ್ಟಿದ್ದಾರೆ. ಬಾಯಿ ಸುತ್ತ ಸಕ್ಕರೆ ಅಂಟಿಕೊಂಡಿತ್ತು. ಫೋನ್ ಅವಳ ಸೊಂಟದ ಚೀಲದಲ್ಲೇ ಇತ್ತು. ಕೂಗಲಿಲ್ಲ. ಆ್ಯಪ್ ಮುಚ್ಚಿತ್ತು.

ನಾನು ಕೇಳುವ ಮೊದಲೇ ಅಂದಳು, "ನಾನು ತೆಗ್ದಿಲ್ಲ." ಅಷ್ಟೇ. ನನ್ನ ಮುಖ ನೋಡದೆ.

೧೨ ಆಗಸ್ಟ್, ಭಾನುವಾರ

ಸಿಕ್ಕಿತು. ಕಣ್ಣಾರೆ ನೋಡಿದೆ.

ಮಧ್ಯಾಹ್ನ ಪ್ರಸನ್ನ ಮಲಗಿದ್ದಳು. ಅತ್ತೆ ಅವಳ ತಲೆಯ ಹತ್ತಿರವಿದ್ದ ಫೋನ್ ತೆಗೆದುಕೊಂಡು ಹಜಾರದ ಕುರ್ಚಿಯಲ್ಲಿ ಕೂತು ಪ್ರವಚನ ಹಾಕಿಕೊಂಡರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತೇ ಇದ್ದೆ. ಪ್ರವಚನ ಮುಗಿಯಿತು. ಅತ್ತೆ ಚೌಕದ ಗುಂಡಿ ಒತ್ತಿದರು. ಒಂದೊಂದನ್ನೇ ಮೇಲಕ್ಕೆ ತಳ್ಳಿದರು, ಅವಸರವೇ ಇಲ್ಲ. ನಮ್ಮ ಆ್ಯಪಿನ ಹತ್ತಿರ ಬಂದಾಗ ಅದು ಹೋಗಲಿಲ್ಲ. ಕೆಳಕ್ಕೆಳೆದು ಬೀಗ ಬಿಡಿಸಿ ಅದನ್ನೂ ತಳ್ಳಿದರು. ಆಮೇಲೆ ಸೆರಗಿನಿಂದ ಗಾಜು ಒರೆಸಿ, ಫೋನನ್ನು ಮೊದಲಿದ್ದ ಜಾಗದಲ್ಲೇ ಮೆಲ್ಲಗೆ ಇಟ್ಟರು.

"ಅತ್ತೆ! ಏನು ಮಾಡಿದ್ರಿ ಈಗ?"

ಬೆಚ್ಚಿಬಿದ್ದರು. "ಏನ್ ಮಾಡೀನಿ? ಪ್ರವಚನ ಕೇಳ್ದೆ. ಕೂಸಿನ ಫೋನ್ ಕೂಸಿಗೆ ಇಟ್ಟೆ."

"ಅದನ್ನೆಲ್ಲ ಯಾಕೆ ತೆಗೆದ್ರಿ?"

"ಹಂಗೇ ಕೊಡ್ತಾರೇನಮ್ಮಾ? ಮಂದಿ ಪಾತ್ರೆ ಇಸ್ಕೊಂಡ್ರೆ ತೊಳದು ಕೊಡೋದಿಲ್ಲೇನು? ನಾನು ನೋಡಿದ್ದೆಲ್ಲ ಅದರಾಗೇ ಬಿಟ್ಟು, ಎಂಜಲು ಫೋನ್ ಕೊಡಲೇನು ಮೊಮ್ಮಗಳ ಕೈಗೆ?"

ಅತ್ತೆ ಬಳ್ಳಾರಿ ಕಡೆಯವರು, ಈ ಊರಿಗೆ ಸೊಸೆಯಾಗಿ ಬಂದು ಐವತ್ತು ವರ್ಷವಾಯಿತು. ಪಕ್ಕದ ಮನೆಯಿಂದ ಬಟ್ಟಲು ಸಾಸಿವೆ ತಂದರೂ ಬಟ್ಟಲು ಬೆಳಗಿ ಕಳಿಸುವವರು. ಇಷ್ಟು ದಿನವೂ ಮರ್ಯಾದೆಯಿಂದ, ಪ್ರೀತಿಯಿಂದ, ಸಂಜೆ ಪ್ರವಚನ ಮುಗಿದ ಮೇಲೆ ನನ್ನ ಮಗಳ ಜೀವದ ಆ್ಯಪನ್ನು ತೊಳೆದು ಕೊಡುತ್ತಿದ್ದರು! ನಿನ್ನೆ ಸಂಜೆಯೂ.

"ಬೀಗ ಇತ್ತಲ್ಲ ಅದಕ್ಕೆ!"

"ಹೂಂ, ಅದೊಂದು ಹಟಮಾರಿ. ಎಳದು ತಳ್ಳಿದ್ರೆ ಹೋಗ್ತದೆ. ನನ್ನ ಮಗ ಮೋಹನನೇ ತೋರಿಸಿದ್ದು, ಹೆಂಗ್ ಸ್ವಚ್ಛ ಮಾಡೋದು ಅಂತ."

ಆಹಾ. ನಮ್ಮ ಯಜಮಾನರು! ಬಂದರಿನ ಸಾಹೇಬರು! ಮನೆಯಲ್ಲೂ ಒಂದು ಬರ್ತ್ ಖಾಲಿ ಮಾಡಿಸುವ ವ್ಯವಸ್ಥೆ ಮಾಡಿ ಹೋಗಿದ್ದರು.

ಕೂಗಾಡಿದೆ. ಬೀದಿಗೆ ಕೇಳುವ ಹಾಗೆ. ಆ ಆ್ಯಪ್ ಏನು, ನಿನ್ನೆ ಹುಡುಗಿ ಯಾಕೆ ಬಿದ್ದಳು, ಎಲ್ಲ ಹೇಳಿದೆ. ಅತ್ತೆಯ ಮುಖ ಬಿಳಿಚಿಕೊಂಡಿತು. ಅತ್ತುಬಿಡುತ್ತಾರೆ ಅಂದುಕೊಂಡೆ. ಅಳಲಿಲ್ಲ. ಎದ್ದು ನಿಂತು ನನಗಿಂತ ಜೋರಾಗಿ ಶುರು ಮಾಡಿದರು.

"ಯಾರು ಹೇಳೀರಿ ನನಗೆ? ಆ? ಒಂದೂವರೆ ವರ್ಷ ಆತು. ಸೂಜಿ ಯಾವಾಗ ಅಂತ ಹೇಳಿದ್ರಿ, ಅನ್ನ ಎಷ್ಟು ಅಂತ ಹೇಳಿದ್ರಿ. ಫೋನ್ ಯಾಕೆ ಅಂದ್ರೆ 'ಸ್ಕೂಲಿಗೆ ಬೇಕು ಅತ್ತೆ' ಅಂದಿ. ಮುದುಕಿಗೆ ಏನು ತಿಳೀತದೆ ಅಂತ ತಾನೆ? ಹೇಳಿದ್ರೆ ನಾನು ಅದನ್ನ ದೇವರ ಮುಂದೆ ಇಟ್ಟು ಕಾಯ್ತಿದ್ದೆ!"

ನಿಜ, ಹಾಗೇ ಅಂದಿದ್ದೆ. ಅದಕ್ಕೇ ಇನ್ನೂ ಸಿಟ್ಟು ಬಂತು.

೧೩ ಆಗಸ್ಟ್

ಇವರಿಗೆ ಫೋನ್ ಮಾಡಿ ಬೈದೆ. "ಅಮ್ಮ ಕೇಳಿದ್ಲು, ತೋರಿಸಿದೆ" ಅಂದರು. ಮನೆಯಲ್ಲಿ ಯಾರೂ ಯಾರ ಜೊತೆಯೂ ಮಾತಾಡುತ್ತಿಲ್ಲ. ಕುಕ್ಕರ್ ಒಂದೇ ಕೂಗುವುದು.

೨೦ ಆಗಸ್ಟ್

ಪ್ರಸನ್ನಳ ಕ್ಷಮೆ ಕೇಳಿಕೊಂಡೆ. ತಲೆ ಬಾಚುತ್ತಾ. "ಅವತ್ತು ಹೊಡೆದಿದ್ದು ತಪ್ಪಾಯ್ತು ಕಣೇ. ನೀನಲ್ಲ ಅಂದಾಗ ನಂಬಬೇಕಿತ್ತು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

"ಸರಿ" ಅಂದಳು. ಅಷ್ಟೇ? ಅಷ್ಟೇ. ಜಡೆ ಮುಗಿದ ತಕ್ಷಣ ಎದ್ದು ಹೋದಳು.

ಅತ್ತೆ ಮಾತ್ರ ಬೇರೆ ಅವತಾರ. ಕನ್ನಡಕ ಹಾಕಿಕೊಂಡು ನನ್ನ ಪಕ್ಕ ಕೂತು, "ಹೇಳು. ಬಾಣ ಕೆಳಗೆ ಇದ್ದರೆ ಏನು? ಅಡ್ಡ ಇದ್ದರೆ ಏನು?" ಎಲ್ಲ ಕಲಿತರು. ಈಗ ಮನೆಗೆ ಬಂದವರು ಪ್ರಸನ್ನಳ ಫೋನ್ ಮುಟ್ಟಿದರೆ ಸಾಕು, ಅತ್ತೆ ಎದ್ದೇ ನಿಲ್ಲುತ್ತಾರೆ. ಪ್ರವಚನಕ್ಕೆ ಬೇರೆ ಫೋನ್ ಕೊಡಿಸುತ್ತೇನೆ ಅಂದೆ. ಬೇಡ, ರೇಡಿಯೋ ಸಾಕು ಅಂದರು. ಸೇಡು ತೀರಿಸಿಕೊಳ್ಳುವ ರೀತಿಯೂ ಅವರದೇ.

೧೦ ಅಕ್ಟೋಬರ್

ದಸರಾ ರಜ. ಇವರು ಬಂದು ಪ್ರಸನ್ನಳನ್ನು ವಿಶಾಖಪಟ್ಟಣಕ್ಕೆ ಕರೆದುಕೊಂಡು ಹೋದರು. ನನಗೆ ರಜೆ ಇಲ್ಲ, ಹಬ್ಬದ ಸೀಸನ್. ಇಲ್ಲಿ ಬೆಟ್ಟದ ಅಮ್ಮನ ದರ್ಶನಕ್ಕೆ ಬಂದ ಜನವೇ ಜನ, ಬಸ್ಸು ಭವಾನಿಪುರಂಗೆ ಬರಲು ಗಂಟೆ ಹಿಡಿಯುತ್ತದೆ.

ಫೋನ್ ಇದೆಯಲ್ಲ. ಅವಳು ಇನ್ನೂರು ಮೈಲಿ ಆಚೆ ಇದ್ದರೂ ನಂಬರ್ ಬರುತ್ತದೆ. ಬೆಳಿಗ್ಗೆ ನೂರಾ ಹತ್ತು. ತಿಂಡಿಯ ಮೇಲೆ ನೂರಾ ಎಂಬತ್ತು, ಪೂರಿ ತಿಂದಿರಬೇಕು. ಫೋನ್ ಮಾಡಿ ಕೇಳಿದೆ. ಪೂರಿಯೇ.

೧೧ ಅಕ್ಟೋಬರ್. ಸಂಜೆ

ನಂಬರ್ ನಿಂತುಹೋಯಿತು. ಫೋನ್ ಮಾಡಿದರೆ ಇಬ್ಬರೂ ಎತ್ತಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಮಾಡುತ್ತಲೇ ಇದ್ದೆ. ಸಮುದ್ರದ ಮುಂದೆ ಇರಬೇಕು, ಅಲೆ ಬಂದು ಹೊತ್ತುಕೊಂಡು ಹೋಗಿರಬೇಕು, ಸಕ್ಕರೆ ಇಳಿದು ಮರಳಲ್ಲಿ ಬಿದ್ದಿರಬೇಕು. ಇವರು ಐಸ್‌ಕ್ರೀಮ್ ತರಲು ಹೋಗಿರಬೇಕು. ಹೋಗೇ ಇರುತ್ತಾರೆ!

ಕೊನೆಗೆ ಅವಳೇ ಎತ್ತಿದಳು.

"ಯಾಕೆ ನಂಬರ್ ಬರ್ತಿಲ್ಲ? ಫೋನ್ ಮತ್ತೆ ಮುಚ್ಚಿತಾ? ಅಪ್ಪ ಮುಟ್ಟಿದ್ರಾ?"

"ನಾನೇ ತೆಗ್ದೆ ಅಮ್ಮಾ."

"ಏನಂದೆ?"

"ನಾನೇ. ಇವತ್ತೊಂದೇ ಅಲ್ಲ. ಸ್ಕೂಲಲ್ಲೂ ಎಷ್ಟೋ ಸಲ ತೆಗ್ದಿದೀನಿ. ನೀನು ಹೊಡೆದ ದಿನ ನಾನಲ್ಲ, ಅದು ನಾನಮ್ಮ. ಬಿದ್ದ ದಿನಾನೂ ನಾನಲ್ಲ. ಆದ್ರೆ ಬೇರೆ ದಿನ ನಾನೇ."

ನಾನಮ್ಮ ಅನ್ನುವುದು ಅತ್ತೆಯನ್ನು, ತೆಲುಗಿನವರ ಹಾಗೆ.

"ತೆಗೆಯದೆ ಇದ್ದಾಗ ಹೊಡೆದೆ ಕದಾ. ಹೇಗೂ ಏಟು ತಿಂದಾಗಿದೆ ಅಂತ ಆಮೇಲೆ ತೆಗ್ದೆ."

"ಸಾಯ್ತೀಯ ಅಂತ ಗೊತ್ತಿಲ್ವೇನೇ ನಿನಗೆ?"

"ಗೊತ್ತು! ನನಗೇ ಇರೋದು ಕಾಯಿಲೆ, ನಿನಗಲ್ಲ!" ಕಿರುಚಿದಳು. ಸಮುದ್ರದ ಸದ್ದಿನ ಮೇಲೆ. "ಪ್ರತ್ಯೂಷಾ ಮನೇಲಿ ಒಂದು ಜಾಮೂನು ತಿಂದೆ. ಕೈ ತೊಳೆಯೋದ್ರೊಳಗೆ ನಿನ್ನ ಫೋನು. ಎಲ್ಲರೂ ನಕ್ಕರು. ಪೂರಿ ತಿಂದ್ರೆ ಫೋನು. ಓಡಿದ್ರೆ ಫೋನು. ಪರೀಕ್ಷೆ ಭಯಕ್ಕೆ ಏರಿದ್ರೂ ಫೋನು. ನನ್ನ ಒಳಗೇ ಕೂತಿದೀಯ ನೀನು. ನಂದು ಅಂತ ಏನೂ ಇಲ್ವಾ?"

ಕಟ್ ಮಾಡಿದಳು. ಆ್ಯಪ್ ಮತ್ತೆ ತೆರೆದಳು, ನಂಬರ್ ಬಂತು. ನೂರಾ ಇಪ್ಪತ್ತು. ಚೆನ್ನಾಗೇ ಇದ್ದಾಳೆ.

ಎಂಥ ಮಾತು! ಒಂಬತ್ತು ತಿಂಗಳು ಒಳಗೆ ಹೊತ್ತವಳು ನಾನು, ಈಗ ಒಳಗೆ ಕೂತಿದ್ದೀಯ ಅಂತ ದೂರು. ಯಾರಿಗೋಸ್ಕರ ಮಾಡಿದ್ದು ಇದೆಲ್ಲ? ಊಟ ಬಿಟ್ಟು, ನಿದ್ದೆ ಬಿಟ್ಟು, ಫೋನಿನವನ ಕೈಲಿ, ಟೀಚರ್ ಕೈಲಿ ಅನ್ನಿಸಿಕೊಂಡು!

೧೩ ಅಕ್ಟೋಬರ್

ಅವಳೇ ಫೋನ್ ಮಾಡಿದಳು. ಯಾರೋ ದೊಡ್ಡವರ ಹಾಗೆ, ಸಮಾಧಾನವಾಗಿ. ಅಪ್ಪನ ಜೊತೆ ಮಾತಾಡಿ ಆಗಿದೆ ಅಂತ ಗೊತ್ತಾಗುತ್ತಿತ್ತು.

"ನನ್ನ ಫೋನಲ್ಲಿ ಇನ್ನು ಯಾವತ್ತೂ ತೆಗೆಯಲ್ಲ ಅಮ್ಮಾ. ಪ್ರಾಮಿಸ್. ಕೂಗಿದ್ರೆ ನಂಗೆ ಕೇಳ್ಸುತ್ತೆ, ನಾನೇ ಸಕ್ಕರೆ ತಿಂತೀನಿ. ಎಂಬತ್ತಕ್ಕೆ ಬಂದ್ರೇ ನಿಂಗೆ ಫೋನ್ ಮಾಡ್ತೀನಿ. ಆದ್ರೆ ನಿನ್ನ ಫೋನಲ್ಲಿ ನಾನಿರಬಾರದು. ನಾನು ಬರೋದ್ರೊಳಗೆ ತೆಗೆದುಬಿಡು."

"ತೆಗೆಯಲ್ಲ ಅಂದ್ರೆ?"

"ಅಂದ್ರೆ ನಾನು ನನ್ನ ಫೋನಲ್ಲಿ ತೆಗೀತಾನೇ ಇರ್ತೀನಿ. ನೀನು ಎಷ್ಟು ಬೀಗ ಹಾಕಿದ್ರೂ."

ಹನ್ನೆರಡು ವರ್ಷ! ಬೆದರಿಸುತ್ತಾಳೆ! ಇವರು ಫೋನ್ ತೆಗೆದುಕೊಂಡು, "ಅವಳು ಹೇಳೋದ್ರಲ್ಲೂ ನ್ಯಾಯ ಇದೆ ವೇದಾ" ಅಂದರು. ನ್ಯಾಯವಂತೆ. ನ್ಯಾಯಾಧೀಶರು ಬಂದರು ಬಂದರಿನಿಂದ. ಇಟ್ಟೆ ಫೋನು.

೧೬ ಅಕ್ಟೋಬರ್

ಡಾಕ್ಟರ್ ಸತ್ಯಮೂರ್ತಿ ಅವರನ್ನು ಕೇಳಿದೆ, ಅವಳಿಗೆ ಬೈಯಲಿ ಅಂತ. ಅವರು ನಕ್ಕರು. "ಬ್ಯಾಗಲ್ಲಿ ಗ್ಲೂಕೋಸ್ ಬಿಸ್ಕತ್ತು ಇದೆ, ಆ್ಯಪ್ ಓಡ್ತಿದೆ, ಕೂಗಿದ್ರೆ ಏನು ಮಾಡ್ಬೇಕು ಅಂತ ಗೊತ್ತಿದೆ. ಹಗಲು ಹೊತ್ತು ಬಿಟ್ಟು ನೋಡಿ. ರಾತ್ರಿ ಬೇಕಾದ್ರೆ ಅವಳ ಫೋನ್ ನಿಮ್ಮ ಹತ್ರ ಇಟ್ಕೊಳ್ಳಿ. ಎಷ್ಟು ವರ್ಷ ನೋಡ್ತೀರಿ ಅಮ್ಮಾ? ಮದುವೆ ಆದ ಮೇಲೂನಾ?"

ಎಲ್ಲರೂ ಒಂದೇ ಗುಂಪು.

ಅತ್ತೆಯಾದರೂ ನನ್ನ ಕಡೆ ಇರುತ್ತಾರೆ ಅಂತ ಹೇಳಿದೆ. ಹುಣಸೆಹಣ್ಣು ಬಿಡಿಸುತ್ತಾ ಕೇಳಿಸಿಕೊಂಡರು.

"ಮೋಹನನ್ನ ವಿಶಾಖಪಟ್ಟಣಕ್ಕೆ ಕಳಿಸಿದಾಗ ನನಗೆ ಯಾವ ಆ್ಯಪ್ ಇತ್ತಮ್ಮಾ?"

"ಅವರಿಗೆ ಸಕ್ಕರೆ ಇರಲಿಲ್ಲ ಅತ್ತೆ."

"ಬುದ್ಧೀನೂ ಇರಲಿಲ್ಲ. ಆದ್ರೂ ಕಳಿಸಿದೆ." ಬೀಜ ಪಕ್ಕಕ್ಕೆ ಹಾಕಿದರು. "ಕೂಸು ನಿನ್ನ ಕೇಳಿ ಮಾಡಾಕತ್ತದೆ. ಕೇಳದೇ ಮಾಡಿದ್ರೆ ಏನ್ ಮಾಡ್ತಿದ್ದಿ?"

ನನಗೆ ಭಯ. ಸಿಟ್ಟು ಸಿಟ್ಟು ಅಂತ ಬರೆದದ್ದೆಲ್ಲ ಭಯವೇ. ಆ ಸಕ್ಕರೆ ಅಂಟಿದ ಬಾಯಿ ಕಣ್ಣ ಮುಂದಿಂದ ಹೋಗುತ್ತಿಲ್ಲ.

೨೧ ಅಕ್ಟೋಬರ್, ಭಾನುವಾರ. ಸಂಜೆ

ಇವತ್ತು ಬರುತ್ತಾರೆ. ರತ್ನಾಚಲ್ ರಾಜಮಂಡ್ರಿ ದಾಟಿದೆಯಂತೆ, ಇವರ ಮೆಸೇಜ್.

ನನ್ನ ಫೋನ್ ಹಿಡಿದುಕೊಂಡು ಹಜಾರದಲ್ಲಿ ಕೂತಿದ್ದೇನೆ. ಅತ್ತೆ ಎದುರಿಗೆ.

ಚೌಕದ ಗುಂಡಿ ಒತ್ತಿದೆ. ಎಲ್ಲ ಸಾಲಾಗಿ ಬಂದವು. ಅಂಗಡಿಯ ಆರ್ಡರ್, ತಾಯಂದಿರ ಗ್ರೂಪು, ಕ್ಯಾಲ್ಕುಲೇಟರ್. ನಡುವೆ ನನ್ನ ಮಗಳು. ನಂಬರ್ ತೊಂಬತ್ತಾರು. ಬಾಣ ಓರೆಯಾಗಿ ಕೆಳಕ್ಕೆ.

ಕೆಳಕ್ಕೆ! ಇವತ್ತೇ ಇಳಿಯಬೇಕಾ? ಮಧ್ಯಾಹ್ನ ಸರಿಯಾಗಿ ತಿಂದಿಲ್ಲ. ರೈಲು ಹತ್ತುವ ಗಡಿಬಿಡಿ. ಇವರು ನೋಡಿರುವುದಿಲ್ಲ. ಈಗ ಫೋನ್ ಮಾಡಿ ಒಂದು ಬಿಸ್ಕತ್ತು ತಿನ್ನು ಅಂದರೆ ಮುಗಿಯಿತು, ಅರ್ಧ ನಿಮಿಷದ ಮಾತು. ನಾಳೆಯಿಂದ ಮುಚ್ಚಿದರಾಗದೇ?

ತೊಂಬತ್ತು.

ಅತ್ತೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು.

ಮೇಲಕ್ಕೆ ತಳ್ಳಿದೆ. ಹೋಯಿತು. ಎಷ್ಟು ಸಲೀಸಾಗಿ ಹೋಯಿತು.

ಫೋನ್ ಮೇಜಿನ ಮೇಲೆ ಕವುಚಿ ಇಟ್ಟಿದ್ದೇನೆ. ಕೈ ಸುಮ್ಮನಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಈಗ ಎಷ್ಟಿದೆಯೋ. ಅವಳಿಗೆ ಗೊತ್ತಿರಬೇಕು. ನೋಡಿಕೊಂಡಿದ್ದಾಳೋ, ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಾಳೋ. ಎಂಬತ್ತಕ್ಕೆ ಬಂದರೆ ಮಾಡುತ್ತೇನೆ ಅಂದಿದ್ದಾಳೆ. ಅಂದಿದ್ದಾಳಲ್ಲ. ರೈಲಿನಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ? ಇನ್ನೈದು ನಿಮಿಷ ನೋಡಿ ನಾನೇ... ಇಲ್ಲ. ಮಾಡುವುದಿಲ್ಲ. ದೇವರಾಣೆ ಮಾಡುವುದಿಲ್ಲ. ಅತ್ತೆ ಮೂರು ಸಲ ನೀರು ತಂದುಕೊಟ್ಟರು, ಮೂರೂ ಲೋಟ ಹಾಗೇ ನಿಂತಿ

ಫೋನು. ಪ್ರಸನ್ನ ಅಂತ ಬರುತ್ತಿದೆ. ಅವಳೇ. ಅವಳೇ ಮಾಡ